ನಿಕ್ ಡ್ರೇಕ್ ಹಾಡುಗಳಿಗೆ ಅಷ್ಟು ಪಿಟೀಲು ಬೇಕಿತ್ತೇ?

ಹಳೆಯ ಕ್ಯಾಸೆಟ್, ಹನುಮಂತನಗರ

“ಹಾಡುಗಾರ ಒಳ್ಳೆಯವನು, ಪಿಟೀಲುಗಳು ಕೆಡಿಸಿವೆ.” ನಿಕ್ ಡ್ರೇಕ್‌ನ ಮೊದಲ ಆಲ್ಬಂ ‘ಫೈವ್ ಲೀವ್ಸ್ ಲೆಫ್ಟ್’ ಕುರಿತು ಬೇರೊಂದು ಚರ್ಚೆಯ ನಡುವೆ ಒಬ್ಬರು ಹೀಗೆ ಬರೆದು ಹೊರಟುಹೋದರು. ಅಲ್ಲಿಯೇ ಉತ್ತರಿಸಿದ್ದರೆ ಆ ಚರ್ಚೆ ದಾರಿ ತಪ್ಪುತ್ತಿತ್ತು. ಆದ್ದರಿಂದ ಇಲ್ಲಿ ಬೇರೆಯಾಗಿ ಆರಂಭಿಸುತ್ತಿದ್ದೇನೆ.

ಕೇಳದೇ ಇರುವವರಿಗಾಗಿ ಎರಡು ಮಾತು. ನಿಕ್ ಡ್ರೇಕ್ 1948ರಲ್ಲಿ ರಂಗೂನಿನಲ್ಲಿ ಹುಟ್ಟಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬೆಳೆದವನು. ಕೇಂಬ್ರಿಜ್‌ನಲ್ಲಿ ಸಾಹಿತ್ಯ ಓದುತ್ತಿದ್ದಾಗಲೇ ಹಾಡು ಕಟ್ಟಿ ಗಿಟಾರಿನೊಂದಿಗೆ ಹಾಡುತ್ತಿದ್ದ. 1969ರಲ್ಲಿ ಈ ಆಲ್ಬಂ, 1971ರಲ್ಲಿ ‘ಬ್ರೈಟರ್ ಲೇಟರ್’, 1972ರಲ್ಲಿ ‘ಪಿಂಕ್ ಮೂನ್’ ಬಂದವು. ಬದುಕಿದ್ದಾಗ ಹೆಚ್ಚು ಮಂದಿ ಕೊಳ್ಳಲಿಲ್ಲ. 1974ರ ನವೆಂಬರಿನಲ್ಲಿ, 26ನೇ ವಯಸ್ಸಿನಲ್ಲಿ ತೀರಿಕೊಂಡ. ಈ ದುಃಖದ ಕಥೆಯನ್ನು ಹೇಳುವವರು ಬೇಕಾದಷ್ಟಿದ್ದಾರೆ. ನನಗೆ ಮಾತನಾಡಬೇಕಿರುವುದು ವಾದ್ಯ ಸಂಯೋಜನೆಯ ಬಗ್ಗೆ, ಅಂದರೆ ಹಾಡಿನ ಸುತ್ತ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಬರೆದುಕೊಡುವ ಕೆಲಸದ ಬಗ್ಗೆ.

ನಿರ್ಮಾಪಕ ಜೋ ಬಾಯ್ಡ್‌ಗೆ ಕೆನಡಾದ ಕವಿ–ಗಾಯಕ ಲೆನರ್ಡ್ ಕೋಹೆನ್‌ನ 1967ರ ಆಲ್ಬಂನಲ್ಲಿ ಜಾನ್ ಸೈಮನ್ ಮಾಡಿದ್ದ ವಾದ್ಯ ಸಂಯೋಜನೆ ಹಿಡಿಸಿತ್ತು. (ಸ್ವತಃ ಕೋಹೆನ್‌ಗೆ ಅದು ಹಿಡಿಸಿರಲಿಲ್ಲ ಎಂಬುದು ಬೇರೆ ಮಾತು.) ಅದೇ ಜಾಡಿನಲ್ಲಿ ನಿಕ್‌ಗೂ ಏನಾದರೂ ಮಾಡಬೇಕೆಂದು ರಿಚರ್ಡ್ ಹ್ಯೂಸನ್‌ನನ್ನು ಕರೆಸಿದ. ಹ್ಯೂಸನ್ ಸಾಮಾನ್ಯನಲ್ಲ, ಮೇರಿ ಹಾಪ್ಕಿನ್ ಹಾಡಿ 1968ರಲ್ಲಿ ಲೋಕವೆಲ್ಲ ಗುನುಗಿದ ‘ದೋಸ್ ವರ್ ದ ಡೇಸ್’ಗೆ ವಾದ್ಯ ಸಂಯೋಜನೆ ಮಾಡಿದವನು. ಧ್ವನಿಮುದ್ರಣವೂ ನಡೆಯಿತು. ನಾಲ್ಕು ಜನರ ಮುಂದೆ ಬಾಯಿ ಬಿಡದ ಸಂಕೋಚದ ಹುಡುಗ ಅದನ್ನು ಕೇಳಿ ಬೇಡವೆಂದ. ಕಾಲೇಜಿನ ಗೆಳೆಯನೊಬ್ಬನಿದ್ದಾನೆ, ಅವನಿಂದ ಮಾಡಿಸೋಣ ಎಂದ. ಆ ಗೆಳೆಯ ರಾಬರ್ಟ್ ಕರ್ಬಿ. ಸಂಗೀತದ ವಿದ್ಯಾರ್ಥಿ, ನಿಕ್‌ನದೇ ವಯಸ್ಸು. ಅವನು ಬಂದು ಬರೆದುಕೊಟ್ಟದ್ದು ‘ವೇ ಟು ಬ್ಲೂ’, ‘ಡೇ ಈಸ್ ಡನ್’, ‘ದ ಥಾಟ್ಸ್ ಆಫ್ ಮೇರಿ ಜೇನ್’, ‘ಫ್ರೂಟ್ ಟ್ರೀ’.

‘ವೇ ಟು ಬ್ಲೂ’ ಕೇಳಿ. ಅಲ್ಲಿ ಗಿಟಾರೇ ಇಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಅಷ್ಟು ಚೆನ್ನಾಗಿ ಗಿಟಾರ್ ನುಡಿಸುತ್ತಿದ್ದವರು ಬೆರಳೆಣಿಕೆಯಷ್ಟು. ಅಂಥವನು ತನ್ನ ಮೊದಲ ಆಲ್ಬಂನಲ್ಲಿಯೇ ಗಿಟಾರನ್ನು ಕೆಳಗಿಟ್ಟು, ತಂತಿವಾದ್ಯಗಳ ನಡುವೆ ಬರಿಯ ದನಿಯಲ್ಲಿ ಹಾಡಿದ್ದಾನೆ. ಇದು ಹೊರಗಿನಿಂದ ಹೇರಿದ ಅಲಂಕಾರವೆಂದು ಹೇಗೆ ಹೇಳುವುದು? ಗೆಳೆಯನ ಬರವಣಿಗೆಯ ಮೇಲೆ ಅವನಿಗೆ ಅಷ್ಟು ನಂಬಿಕೆಯಿತ್ತು.

ಇದನ್ನು ನಮ್ಮ ಸುಗಮ ಸಂಗೀತದ ಧ್ವನಿಮುದ್ರಿಕೆಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಗಾಯಕ ಬಾಯಿ ಮುಚ್ಚಿದಾಗ ವಾದ್ಯವೃಂದ ಬಾಯಿ ತೆರೆಯುತ್ತದೆ. ಮೊದಲಿಗೊಂದು ಪೀಠಿಕೆ, ಪಲ್ಲವಿ, ನಡುವೆ ಕೊಳಲು–ಸಿತಾರ್, ಆಮೇಲೆ ಚರಣ. ಚರಣ ಆರಂಭವಾದೊಡನೆ ತಬಲಾ ಬಿಟ್ಟು ಉಳಿದವರೆಲ್ಲ ಕೈಕಟ್ಟಿ ಕೂರುತ್ತಾರೆ. ಸಾಲಿನ ಅರ್ಥದೊಂದಿಗೆ ವಾದ್ಯಗಳಿಗೆ ಮಾತುಕತೆಯೇ ಇಲ್ಲ. ಕರ್ಬಿ ಬರೆದದ್ದು ಹಾಡುವ ಸಾಲಿನ ಕೆಳಗೇ ನಡೆಯುತ್ತದೆ, ನಡುವಿನ ಬಿಡುವುಗಳಲ್ಲಿ ಹೆಚ್ಚು ಮೆರೆಯುವುದಿಲ್ಲ.

ಬರೀ ಗಿಟಾರ್

ಆ ಮಾತು ಬರೆದು ಹೋದವನು ನಾನೇ. ಹೋಗಿಲ್ಲ, ಇಲ್ಲೇ ಇದ್ದೇನೆ.

ನಿಮ್ಮ ವಾದಕ್ಕೆ ಉತ್ತರವನ್ನು ನಿಕ್ ಡ್ರೇಕ್ ತಾನೇ ಕೊಟ್ಟಿದ್ದಾನೆ, ಅದರ ಹೆಸರು ‘ಪಿಂಕ್ ಮೂನ್’. 1971ರ ಅಕ್ಟೋಬರಿನ ಎರಡು ರಾತ್ರಿ, ಸ್ಟುಡಿಯೋದಲ್ಲಿ ಅವನು ಮತ್ತು ಎಂಜಿನಿಯರ್ ಜಾನ್ ವುಡ್ ಇಬ್ಬರೇ. ದನಿ, ಗಿಟಾರ್, ಮೊದಲ ಹಾಡಿನಲ್ಲಿ ಅವನೇ ಸೇರಿಸಿದ ನಾಲ್ಕು ಹನಿ ಪಿಯಾನೊ. ಒಟ್ಟು 28 ನಿಮಿಷ. ಕರ್ಬಿ ಇಲ್ಲ, ಬಾಯ್ಡ್ ಇಲ್ಲ. ತನಗೆ ಬೇಕಾದಂತೆ ಮಾಡಿಕೊಳ್ಳುವ ಅವಕಾಶ ಸಿಕ್ಕಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ಮುಖ್ಯವಲ್ಲವೇ?

ಇನ್ನೊಂದು. ತಂತಿವಾದ್ಯಗಳು ಹಾಡಿಗೆ ತಾರೀಖಿನ ಮುದ್ರೆ ಒತ್ತುತ್ತವೆ. ‘ಮೇರಿ ಜೇನ್’ ಕೇಳಿದ ತಕ್ಷಣ 1969 ಎಂದು ಹೇಳಿಬಿಡಬಹುದು. ‘ಪಿಂಕ್ ಮೂನ್’ ಯಾವ ವರ್ಷದ್ದೆಂದು ಯಾರೂ ಹೇಳಲಾರರು. 1999ರ ಕೊನೆಗೆ ಒಂದು ಕಾರಿನ ಜಾಹೀರಾತಿಗೆ ಅದನ್ನು ಬಳಸಿದಾಗ ಹೊಸ ಹುಡುಗರು ಇದು ಈಗಿನ ಹಾಡೆಂದೇ ತಿಳಿದು ಅಂಗಡಿಗೆ ಓಡಿದರು.

ಬಳೇಪೇಟೆ ಪಿಟೀಲು

ಹೊಟ್ಟೆಪಾಡಿಗೆ ಪಿಟೀಲು ನುಡಿಸುವವನಾಗಿ ಇದರಲ್ಲಿ ತಲೆಹಾಕದೆ ಇರಲಾರೆ. ಪಿಟೀಲಿನ ಆಕಾರದಲ್ಲಿ ಸಭಾಂಗಣ ಕಟ್ಟಿಕೊಂಡ ಊರಿನವರು ಪಿಟೀಲು ಹೆಚ್ಚಾಯಿತೆಂದು ದೂರುವುದನ್ನು ಚೌಡಯ್ಯನವರು ಕೇಳಿಸಿಕೊಳ್ಳದಿರಲಿ.

ನೀವಿಬ್ಬರೂ ಸಂಯೋಜನೆಯನ್ನು ಕಾಗದದ ಮೇಲಿನ ವಿಷಯವೆಂಬಂತೆ ಚರ್ಚಿಸುತ್ತಿದ್ದೀರಿ. ಅದನ್ನು ಮುದ್ರಿಸಿಕೊಂಡ ರೀತಿಯನ್ನು ನೋಡಿ. ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋ, ಮೊದಲು ಅದು ಹಾಲಿನ ಡೈರಿಯಾಗಿದ್ದ ಕಟ್ಟಡ. ‘ರಿವರ್ ಮ್ಯಾನ್’ ಮುದ್ರಿಸುವಾಗ ನಿಕ್ ಗಿಟಾರ್ ಹಿಡಿದು ಕುಳಿತಿದ್ದ, ಸುತ್ತಲೂ ತಂತಿವಾದ್ಯದವರು. ಹಾಡು, ಗಿಟಾರ್, ಪಿಟೀಲುಗಳು ಒಂದೇ ಕೋಣೆಯಲ್ಲಿ ಒಂದೇ ಉಸಿರಿಗೆ ಮುದ್ರಿತವಾದವು. ಹಾಡುಗಾರ ಸಾಲಿನ ಕೊನೆಗೆ ಒಂದಿಷ್ಟು ಎಳೆದರೆ ನುಡಿಸುವವರೂ ಎಳೆಯುತ್ತಾರೆ. ಅದು ಕೇಳಿಸುತ್ತದೆ.

ಈಗ ನಮ್ಮೂರಿನಲ್ಲಿ ನಡೆಯುವುದನ್ನು ಹೇಳುತ್ತೇನೆ. ಯಾವ ಸ್ಟುಡಿಯೋ ಎಂದು ಕೇಳಬೇಡಿ, ಎಲ್ಲೆಡೆಯೂ ಹೀಗೆಯೇ. ಹೋಗುತ್ತೇನೆ, ಕಿವಿಗೆ ಹೆಡ್‌ಫೋನ್, ಅದರಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್. ಗಾಯಕರು ಇನ್ನೂ ಹಾಡಿರುವುದಿಲ್ಲ. ಯಾರೋ ಸಹಾಯಕ ಗುನುಗಿದ ಮಾದರಿ ದನಿ ಇರುತ್ತದೆ, ಒಮ್ಮೊಮ್ಮೆ ಅದೂ ಇರುವುದಿಲ್ಲ. ಅದೇ ಸಾಲನ್ನು ನನ್ನೊಬ್ಬನಿಂದಲೇ ಮತ್ತೆ ಮತ್ತೆ ನುಡಿಸಿ ಒಂದರ ಮೇಲೊಂದು ಇಟ್ಟು “ಸ್ಟ್ರಿಂಗ್ಸ್” ಎನ್ನುತ್ತಾರೆ. ಉಳಿದದ್ದನ್ನು ಕೀಬೋರ್ಡ್ ತುಂಬುತ್ತದೆ. ಹಾಡಿನಲ್ಲಿ ಯಾವ ಪದವಿದೆ ಎಂದು ನನಗೆ ತಿಳಿಯುವುದು ಅದು ಬಿಡುಗಡೆಯಾದ ಮೇಲೆ. ಇಂಥ ಕಡೆ ಪಿಟೀಲು ಕೆಡಿಸುತ್ತದೆಂದರೆ ಒಪ್ಪುತ್ತೇನೆ. ‘ರಿವರ್ ಮ್ಯಾನ್’ಗೆ ಆ ಮಾತು ಸಲ್ಲದು.

ವಾರ್ಧಕ

‘ರಿವರ್ ಮ್ಯಾನ್’ ಎಂದಿರಾದ್ದರಿಂದ ಕೇಳುತ್ತೇನೆ. ಅದು ಐದು ಮಾತ್ರೆಯ ನಡೆಯಲ್ಲವೇ? ಪಾಶ್ಚಾತ್ಯ ವಿಮರ್ಶಕರು ಐದರ ಲಯವೆಂದರೆ ಏನೋ ಅಪರೂಪವೆಂಬಂತೆ ಬರೆಯುತ್ತಾರೆ. ಲಲಿತ ರಗಳೆ ಐದರದು, ವಾರ್ಧಕ ಷಟ್ಪದಿ ಐದರದು. ಇಡೀ ‘ಜೈಮಿನಿ ಭಾರತ’ ಐದರ ಮೇಲೆ ನಡೆದಿದೆ. ಲಕ್ಷ್ಮೀಶನನ್ನು ಓದಿ ಬೆಳೆದ ನಮ್ಮ ಅಜ್ಜಿಯಂದಿರಿಗೆ ಈ ಹಾಡು ಮೊದಲ ಸಲಕ್ಕೇ ಒಗ್ಗುತ್ತಿತ್ತು.

ಬಳೇಪೇಟೆ ಪಿಟೀಲು

ಐದರದೇ. ಆದರೆ ಗಮಕಿಗಳು ಜೈಮಿನಿಯನ್ನು ತಾಳಕ್ಕೆ ಕಟ್ಟಿ ಹಾಡುವುದಿಲ್ಲ. ಛಂದಸ್ಸಿನ ಐದು ಬೇರೆ, ತಟ್ಟಿ ಎಣಿಸುವ ಐದು ಬೇರೆ. ಐದೆಣಿಕೆಯ ತಾಳವಾದ ಖಂಡ ಛಾಪಿನಲ್ಲಿ ಮೃದಂಗದವರು “ತಕ ತಕಿಟ” ಎಂದು ಇಡುವ ಪೆಟ್ಟು ಈ ಹಾಡಿನಲ್ಲಿ ಎಲ್ಲಿಯೂ ಬೀಳುವುದಿಲ್ಲ. ಗಿಟಾರ್ ಐದನ್ನು ತಿರುಗಿಸುತ್ತಲೇ ಇರುತ್ತದೆ, ಪಿಟೀಲುಗಳು ಆ ಎಣಿಕೆಯ ಗೆರೆಗಳನ್ನು ಉದ್ದುದ್ದ ಸ್ವರಗಳಿಂದ ಅಳಿಸುತ್ತ ಹೋಗುತ್ತವೆ. ಸಂಯೋಜಕನ ಜಾಣ್ಮೆ ಇರುವುದು ಅಲ್ಲಿ.

ಹಳೆಯ ಕ್ಯಾಸೆಟ್, ಹನುಮಂತನಗರ

ಆ ಜಾಣ್ಮೆ ಕರ್ಬಿಯದಲ್ಲ ಎಂಬುದನ್ನೂ ಹೇಳಬೇಕು. ‘ರಿವರ್ ಮ್ಯಾನ್’ ತನ್ನ ಕೈಗೆ ಸಿಗುವ ಹಾಡಲ್ಲವೆಂದು ಕರ್ಬಿ ಬಿಟ್ಟುಕೊಟ್ಟ. ಬಾಯ್ಡ್ ಆಗ ಹ್ಯಾರಿ ರಾಬಿನ್ಸನ್ ಎಂಬ ಹಿರಿಯ ಸ್ಕಾಟಿಷ್ ಸಂಯೋಜಕನನ್ನು ಕರೆದ. ಆತ ಹೆಚ್ಚಾಗಿ ದುಡಿದದ್ದು ಸಿನಿಮಾಗಳಿಗೆ, ಅದರಲ್ಲೂ ಹ್ಯಾಮರ್ ಕಂಪನಿಯ ದೆವ್ವ–ಪಿಶಾಚಿಗಳ ಚಿತ್ರಗಳಿಗೆ. ಡೀಲಿಯಸ್ ಎಂಬ ಇಂಗ್ಲಿಷ್ ಸಂಯೋಜಕನ ಛಾಯೆಯನ್ನು ಬಲ್ಲವನು, ನಿಕ್‌ಗೆ ಬೇಕಾಗಿದ್ದುದೂ ಅದೇ. ಪಿಟೀಲುಗಳು ಮೊದಲ ಪದ್ಯದಲ್ಲಿ ಇಲ್ಲ. ಆಮೇಲೆ ಮೆಲ್ಲನೆ ಸೇರಿಕೊಳ್ಳುತ್ತವೆ, ಹಾಡು ಮುಗಿಯುವ ಹೊತ್ತಿಗೆ ಗಿಟಾರಿಗಿಂತ ಮೇಲೇರಿರುತ್ತವೆ. ಭಯದ ಚಿತ್ರಗಳಿಗೆ ಬರೆದು ಬರೆದು ಪಳಗಿದ ಕೈಗೆ ಎಲ್ಲಿ ಸುಮ್ಮನಿರಬೇಕೆಂಬುದು ಗೊತ್ತಿತ್ತೇನೋ.

ಸಡಿಲ ತಂತಿ

ಗಿಟಾರಿನ ಕಡೆಯಿಂದ ಒಂದು ಮಾತು. ನಿಕ್ ಡ್ರೇಕ್ ಬಹುಪಾಲು ಹಾಡುಗಳಿಗೆ ತಂತಿಗಳನ್ನು ವಾಡಿಕೆಯ ಶ್ರುತಿಯಲ್ಲಿ ಇಡುವುದಿಲ್ಲ. ‘ಪಿಂಕ್ ಮೂನ್’ನಲ್ಲಿ ದಪ್ಪ ತಂತಿಯನ್ನು ಎರಡು ಪೂರ್ಣ ಸ್ವರದಷ್ಟು ಇಳಿಸಿ ಸಡಿಲಗೊಳಿಸಿರುತ್ತಾನೆ. ಹೆಬ್ಬೆರಳು ಮಂದ್ರದಲ್ಲಿ ಬೇರೆಯೇ ಒಂದು ಸಾಲು ನಡೆಸುತ್ತದೆ, ಉಳಿದ ಬೆರಳುಗಳು ಮೇಲೆ ಇನ್ನೊಂದು. ಒಬ್ಬನೇ ಇಬ್ಬರ ಕೆಲಸ ಮಾಡುತ್ತಿರುತ್ತಾನೆ. ಹಾಗಾಗಿ ಬೇರೆ ವಾದ್ಯದವರಿಗೆ ಕಾಲಿಡಲು ಜಾಗ ಕಡಿಮೆ. ‘ಬ್ರೈಟರ್ ಲೇಟರ್’ನಲ್ಲಿ ನನಗೆ ಕಷ್ಟವಾಗುವುದು ಅಲ್ಲಿಯೇ. ಡ್ರಮ್ಸ್, ಬಾಸ್, ಸ್ಯಾಕ್ಸೋಫೋನ್ ಎಲ್ಲವೂ ಬಂದು ಕುಳಿತ ಮೇಲೆ ಬೆರಳುಗಳ ಆ ನೇಯ್ಗೆ ಕೇಳಿಸುವುದೇ ಇಲ್ಲ. ‘ಪೂರ್ ಬಾಯ್’ನಲ್ಲಿ ಹಿನ್ನೆಲೆಗೆ ಇಬ್ಬರು ಗಾಯಕಿಯರು ಬೇರೆ! ಆ ಆಲ್ಬಂನಲ್ಲಿ ನಾನು ಪೂರ್ತಿ ಒಪ್ಪುವುದು ಜಾನ್ ಕೇಲ್ ನುಡಿಸಿದ ಎರಡು ಹಾಡುಗಳನ್ನು, ‘ಫ್ಲೈ’ ಮತ್ತು ‘ನಾರ್ದರ್ನ್ ಸ್ಕೈ’. ಎರಡನೆಯದರಲ್ಲಿ ಸೆಲೆಸ್ಟಾ ಎಂಬ ಪುಟ್ಟ ಗಂಟೆಗಳಂಥ ವಾದ್ಯ ಬರುತ್ತದೆ. ಗಿಟಾರ್ ತಲುಪಲಾರದ ಎತ್ತರದಲ್ಲಿ ಇರುವುದರಿಂದ ಅದು ಯಾರ ಜಾಗವನ್ನೂ ಕಸಿಯುವುದಿಲ್ಲ.

‘ಫೈವ್ ಲೀವ್ಸ್’ನಲ್ಲಿ ಈ ಸಮಸ್ಯೆ ಕಡಿಮೆ. ‘ಡೇ ಈಸ್ ಡನ್’ನಲ್ಲಿ ಗಿಟಾರಿನ ಮಂದ್ರ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಕರ್ಬಿ ಆ ಇಳಿತವನ್ನೇ ಹಿಡಿದು ಬರೆದಿದ್ದಾನೆ, ಹೊಸದೇನನ್ನೂ ತಂದು ಸುರಿದಿಲ್ಲ.

ಬರೀ ಗಿಟಾರ್

‘ಮೇರಿ ಜೇನ್’ನ ಕೊಳಲಿನ ಬಗ್ಗೆ ಯಾರೂ ಮಾತನಾಡುತ್ತಿಲ್ಲವೇಕೆ? ನಮ್ಮ ಭಾವಗೀತೆಗಳಲ್ಲಿ ಹಕ್ಕಿ, ಹೊಳೆ, ಬೆಳುದಿಂಗಳು ಎಂದೊಡನೆ ಕೊಳಲಿನವರು ನೆಟ್ಟಗೆ ಕೂರುತ್ತಾರಲ್ಲ, ಅದೇ ಇದು. ಕೇಂಬ್ರಿಜ್‌ನಿಂದ ಬಂದರೆ ಮಾತ್ರ ಅದಕ್ಕೆ ರಿಯಾಯಿತಿಯೇ?

ಹಳೆಯ ಕ್ಯಾಸೆಟ್, ಹನುಮಂತನಗರ

ಆ ಕೊಳಲನ್ನು ಸಮರ್ಥಿಸುವುದಿಲ್ಲ. ಆಲ್ಬಂನ ಅತಿ ದುರ್ಬಲ ಹಾಡು ಅದೇ.

ಏಕತಾರಿ

ಮೊದಲ ಬರಹದಲ್ಲಿ ಸುಗಮ ಸಂಗೀತಕ್ಕೆ ಬಿದ್ದ ಪೆಟ್ಟು ನ್ಯಾಯವಾದದ್ದಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೀರಿ. ಪಿ. ಕಾಳಿಂಗರಾಯರ ಹಳೆಯ ಮುದ್ರಿಕೆಗಳನ್ನು ಕೇಳಿ. ಅಲ್ಲಿ ಮೋಹನಕುಮಾರಿ, ಸೋಹನಕುಮಾರಿಯರ ದನಿಗಳೇ ಸಂಯೋಜನೆ. ರಾಯರು ಒಂದು ಸಾಲು ಎತ್ತಿದರೆ ಅವರಿಬ್ಬರು ಅದನ್ನು ಹೊತ್ತು ನಿಲ್ಲುತ್ತಾರೆ. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನೂ ಮತ್ತೆ ಕೇಳಿ. ಅಲ್ಲಿ ವಾದ್ಯಗಳಿಗೆ ಇನ್ನೂ ಮರ್ಯಾದೆ ಗೊತ್ತಿತ್ತು. ನೀವು ಹೇಳುವ ರೋಗ ಹತ್ತಿದ್ದು ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಅಗ್ಗವಾದ ಮೇಲೆ.

ಶರೀಫರ ತತ್ವಪದಗಳದ್ದು ಇನ್ನೊಂದು ಬಗೆ. ಭಜನಾ ಮೇಳದಲ್ಲಿ ಏಕತಾರಿ, ದಮ್ಮಡಿ, ತಾಳ ಇಷ್ಟೇ. ಮುಂದಾಳು ಹಾಡಿದ ಸಾಲನ್ನು ಮೇಳ ತಿರುಗಿ ಹಾಡುತ್ತದೆ. ಸಿ. ಅಶ್ವಥ್ ಅದೇ ಪದಗಳನ್ನು ಎತ್ತಿಕೊಂಡು ಪೂರ್ಣ ವಾದ್ಯವೃಂದದೊಂದಿಗೆ ಹಾಡಿದಾಗ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟಾಗ, ಮೂಗು ಮುರಿದವರು ಇದ್ದರು. ಆದರೆ ಅಶ್ವಥ್ ಕಂಠ ಕೇಳಿದ್ದೀರಲ್ಲ? ಅದು ಬಿಚ್ಚುಗಂಠ. ನಲವತ್ತು ಪಿಟೀಲು ಬಂದರೂ ಅದಕ್ಕೆ ಅಡ್ಡ ನಿಲ್ಲಲಾರವು. 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ಸೇರಿದ ಜನಸಾಗರದ ಮೇಲೂ ಆ ದನಿ ಹಾಯ್ದುಹೋಯಿತು. ನಿಕ್ ಡ್ರೇಕ್‌ನದು ಕಿವಿಯ ಬಳಿ ಬಂದು ಪಿಸುಗುಟ್ಟುವ ದನಿ. ಅಂಥ ದನಿಗೆ ಬರೆಯುವವನು ಪ್ರತಿಯೊಂದು ಸ್ವರಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಆದ್ದರಿಂದ ವಾದ್ಯ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆ ನನಗೆ ಅರ್ಥವಾಗುವುದಿಲ್ಲ. ಯಾರ ಗಂಟಲಿಗೆ ಎಂದು ಮೊದಲು ಕೇಳಬೇಕು.

ಹಳೆಯ ಕ್ಯಾಸೆಟ್, ಹನುಮಂತನಗರ

ಕಾಳಿಂಗರಾಯರ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಅಶ್ವಥ್ ವಿಷಯದಲ್ಲಿ ಅಷ್ಟು ಸುಲಭವಾಗಿ ಬಿಡಲಾರೆ. ಗಂಟಲು ಗೆದ್ದಿತೆಂದ ಮಾತ್ರಕ್ಕೆ ವಾದ್ಯಗಳು ಚೆನ್ನಾಗಿದ್ದವೆಂದು ಆಗುವುದಿಲ್ಲವಲ್ಲ.

ಮೂರನೇ ಸಾಲು

‘ಫೈವ್ ಲೀವ್ಸ್’ನಲ್ಲಿರುವ ‘ಚೆಲ್ಲೋ ಸಾಂಗ್’ ಹಾಡನ್ನು ಮರೆತಿದ್ದೀರಿ. ಕರ್ಬಿಯೂ ಇಲ್ಲ, ರಾಬಿನ್ಸನ್ನನೂ ಇಲ್ಲ. ಗಿಟಾರ್, ಒಂದು ಚೆಲ್ಲೋ (ಪಿಟೀಲಿನ ದೊಡ್ಡಣ್ಣನಂಥ, ಮಂದ್ರ ದನಿಯ ತಂತಿವಾದ್ಯ), ಡ್ಯಾನಿ ಥಾಂಪ್ಸನ್‌ನ ಡಬಲ್ ಬಾಸ್, ಘಾನಾ ಮೂಲದ ರಾಕಿ ಜಿಡ್ಜೋರ್ನುವಿನ ಕಾಂಗಾ ಎಂಬ ಕೈಡೋಲು. ಆರಂಭದಲ್ಲಿ ಪದಗಳಿಲ್ಲದೆ ಬರಿಯ ಗುನುಗು. ಚೆಲ್ಲೋ ಮತ್ತು ದನಿ ಒಂದೇ ಎತ್ತರದಲ್ಲಿ ಓಡಾಡುವುದರಿಂದ ಯಾವುದು ಯಾವುದೆಂದು ಕ್ಷಣಕಾಲ ಗೊಂದಲವಾಗುತ್ತದೆ. ನಮ್ಮ ಆಲಾಪದೊಡನೆ ಬರುವ ಸಾರಂಗಿಯನ್ನು ಕೇಳಿದವರಿಗೆ ಇದು ಹೊಸತಲ್ಲ. ಇಬ್ಬರೂ ಇದನ್ನು ಒಪ್ಪಬಹುದೆಂದು ತೋರುತ್ತದೆ.

ಬರೀ ಗಿಟಾರ್

ಒಪ್ಪುತ್ತೇನೆ. ಒಂದೇ ಒಂದು ವಾದ್ಯ, ಒಬ್ಬಳೇ ಚೆಲ್ಲೋ ಕಲಾವಿದೆ. ನಾನು ಹೇಳುತ್ತಿರುವುದೂ ಅದನ್ನೇ.

ಸಡಿಲ ತಂತಿ

ಜಗಳ ತೀರಿಸಲು ಒಂದು ದಾರಿಯಿದೆ, ಯಾರೂ ಪ್ರಸ್ತಾಪಿಸಿಲ್ಲ. ಹ್ಯೂಸನ್ ಮಾಡಿ, ನಿಕ್ ತಿರಸ್ಕರಿಸಿದ ಕೆಲಸದಲ್ಲಿ ಒಂದು ಹಾಡು ಉಳಿದುಕೊಂಡಿದೆ: ‘ಐ ವಾಸ್ ಮೇಡ್ ಟು ಲವ್ ಮ್ಯಾಜಿಕ್’. ಅವನು ತೀರಿಕೊಂಡ ಮೇಲೆ ಬಂದ ‘ಟೈಮ್ ಆಫ್ ನೋ ರಿಪ್ಲೈ’ ಸಂಕಲನದಲ್ಲಿದೆ. ಅದೇ ಹಾಡಿಗೆ ಕರ್ಬಿಯೂ ಬರೆದಿದ್ದ. ಅದನ್ನು 2004ರ ‘ಮೇಡ್ ಟು ಲವ್ ಮ್ಯಾಜಿಕ್’ ಸಂಕಲನಕ್ಕಾಗಿ, ನಿಕ್‌ನ ಹಳೆಯ ದನಿಯ ಜೊತೆಗೆ ಹೊಸದಾಗಿ ತಂತಿವಾದ್ಯಗಳನ್ನು ಮುದ್ರಿಸಿ ಸೇರಿಸಿದರು. ಒಂದೇ ಹಾಡು, ಒಬ್ಬನೇ ಹಾಡುಗಾರ, ಇಬ್ಬರು ಸಂಯೋಜಕರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ಬನ್ನಿ.

ವಾರ್ಧಕ

ಕೇಳಿದೆ. ಹ್ಯೂಸನ್ನನದು ಮದುವೆ ಮನೆಯಲ್ಲಿ ಅತಿಥಿಗಳ ಮೇಲೆ ಪನ್ನೀರು ಎರಚುವವರ ಸಂಭ್ರಮ, ಯಾರ ಮೇಲೆ ಎಷ್ಟು ಬಿತ್ತೆಂಬ ಪರಿವೆಯಿಲ್ಲ. ಕರ್ಬಿಯದು ಕಡಿಮೆ ಸಿಹಿ.

ಹಳೆಯ ಕ್ಯಾಸೆಟ್, ಹನುಮಂತನಗರ

ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹ್ಯೂಸನ್ ಆ ಹಾಡಿನಲ್ಲಿ ಪದಗಳ ಮೇಲ್ಮೈಯನ್ನಷ್ಟೇ ಓದಿಕೊಂಡಿದ್ದಾನೆ: ಮಾಯೆ, ಪ್ರೀತಿ, ಆದ್ದರಿಂದ ಮಿನುಗುವ ವಾದ್ಯಗಳು. ಹಾಡಿನೊಳಗಿನ ಒಂಟಿತನ ಅವನಿಗೆ ಕೇಳಿಸಿಲ್ಲ. ಕರ್ಬಿಗೆ ಕೇಳಿಸಿದೆ, ಏಕೆಂದರೆ ಅವನು ಆ ಹುಡುಗನ ಕೋಣೆಯಲ್ಲಿ ಕುಳಿತು ಅವನು ನುಡಿಸುವುದನ್ನು ನೋಡಿದವನು. ಪಿಟೀಲು ಬೇಕೇ ಬೇಡವೇ ಎನ್ನುವವರಿಗೆ ನಿಕ್ 1968ರಲ್ಲಿಯೇ ಉತ್ತರ ಹೇಳಿದ್ದ. ಒಂದನ್ನು ಬೇಡವೆಂದ, ಇನ್ನೊಂದನ್ನು ಬೇಕೆಂದ. ಎರಡರಲ್ಲೂ ಇದ್ದದ್ದು ಪಿಟೀಲುಗಳೇ.

ಬರೀ ಗಿಟಾರ್

ಹ್ಯೂಸನ್ ಸೋತದ್ದನ್ನು ಒಪ್ಪಿದೆ. ಆದರೆ ಬಳೇಪೇಟೆಯವರನ್ನು ಒಂದು ಪ್ರಶ್ನೆ ಕೇಳಬೇಕು. ಒಂದೇ ಕೋಣೆ, ಒಂದೇ ಉಸಿರು ಎಂದಿರಿ. 2004ರ ಆ ಮುದ್ರಣದಲ್ಲಿ ಹಾಡುಗಾರ ಸತ್ತು ಮೂವತ್ತು ವರ್ಷವಾಗಿತ್ತು. ನುಡಿಸಿದವರು ನಿಮ್ಮಂತೆಯೇ ಹೆಡ್‌ಫೋನ್ ಹಾಕಿಕೊಂಡು ನುಡಿಸಿರಬೇಕು. ಆದರೂ ಎಲ್ಲರೂ ಅದನ್ನೇ ಮೆಚ್ಚುತ್ತಿದ್ದೀರಿ. ಹಾಗಾದರೆ ಕೋಣೆಯ ಸಿದ್ಧಾಂತ ಏನಾಯಿತು?

ಬಳೇಪೇಟೆ ಪಿಟೀಲು

ಒಳ್ಳೆಯ ಪೆಟ್ಟು. ಅಲ್ಲಿ ಅವರಿಗೆ ಹಾಡುಗಾರನ ದನಿ ಸಿಕ್ಕಿತ್ತು, ಪದ ಸಿಕ್ಕಿತ್ತು, ಅವನನ್ನು ಬಲ್ಲ ಗೆಳೆಯ ಬರೆದ ಸ್ವರಗಳು ಸಿಕ್ಕಿದ್ದವು. ನನಗೆ ಸಿಗುವುದು ಕ್ಲಿಕ್ ಮಾತ್ರ. ಆದರೂ ಎರಡನ್ನೂ ಹೆಡ್‌ಫೋನಿನಲ್ಲಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ‘ಮ್ಯಾಜಿಕ್’ನಲ್ಲಿ ಪಿಟೀಲುಗಳು ಹಾಡುಗಾರನನ್ನು ಹಿಂಬಾಲಿಸುತ್ತವೆ. ‘ರಿವರ್ ಮ್ಯಾನ್’ನಲ್ಲಿ ಅವನೂ ಆಗಾಗ ಅವುಗಳಿಗೆ ಕಿವಿಗೊಟ್ಟು ನಿಲ್ಲುತ್ತಾನೆ. ಸತ್ತವನು ಅದನ್ನು ಮಾಡಲಾರ.

ಏಕತಾರಿ

ಇಷ್ಟೆಲ್ಲ ಮಾತನಾಡುವ ಬದಲು ‘ವೇ ಟು ಬ್ಲೂ’ವನ್ನು ಇಲ್ಲಿಯೇ ನುಡಿಸಿ ನೋಡಬಾರದೇ? ಕನ್ನಡದ ಒಂದು ಕವಿತೆಗೆ ಅದೇ ಕ್ರಮದಲ್ಲಿ, ತಬಲಾ ಇಲ್ಲದೆ, ನಡುವಿನ ತುಣುಕುಗಳಿಲ್ಲದೆ, ಬರಿಯ ತಂತಿವಾದ್ಯಗಳಿಗೆ ಬರೆದು ಹಾಡಿಸಬಹುದು. ಹಾಡಲು ನಾನು ಸಿದ್ಧ.

ಬಳೇಪೇಟೆ ಪಿಟೀಲು

ಬರೆಯುವುದು ಕಷ್ಟವಲ್ಲ, ನುಡಿಸುವವರದೇ ಕಷ್ಟ. ನಮ್ಮೂರಿನಲ್ಲಿ ಕರ್ನಾಟಕ ಪದ್ಧತಿಯ ಪಿಟೀಲಿನವರು ಬೀದಿಗೆ ನಾಲ್ವರು ಸಿಗುತ್ತಾರೆ, ಆದರೆ ಒಂದು ಸ್ವರವನ್ನು ಅಲುಗಿಸದೆ ನೇರವಾಗಿ ಹಿಡಿದು ನಿಲ್ಲಿಸಿ ಎಂದರೆ ಅವರ ಎಡಗೈ ಕೇಳುವುದಿಲ್ಲ, ಗಮಕ ತಾನಾಗಿ ಬಂದುಬಿಡುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತ ಇಬ್ಬರು ನನಗೆ ಗೊತ್ತು. ಚೆಲ್ಲೋಗೆ ಒಬ್ಬರಿದ್ದಾರೆ. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವವರು ಬೇಕು. ಯಾರಾದರೂ ಇದ್ದರೆ ಇಲ್ಲಿಯೇ ಬರೆಯಿರಿ, ವಾದ್ಯವನ್ನು ನೀವೇ ತರಬೇಕಾಗುತ್ತದೆ.

ಬರೀ ಗಿಟಾರ್

ಅದೇ ಕವಿತೆಯನ್ನು ಗಿಟಾರಿನೊಂದಿಗೆ ನಾನೂ ಹಾಡಿ ಹಾಕುತ್ತೇನೆ. ಎರಡನ್ನೂ ಕೇಳಿದ ಮೇಲೆ ಮಾತು ಮುಂದುವರಿಸೋಣ. ಕವಿತೆಯನ್ನು ಏಕತಾರಿಯವರೇ ಆರಿಸಲಿ, ಹಕ್ಕಿ–ಬೆಳುದಿಂಗಳು ಇಲ್ಲದಿರುವಂಥದ್ದು.